ಹತ್ತು ಎಂದು ಕಳಿಸಿದ ಹದಿನಾಲ್ಕು ಫೋಟೋಗಳು

ಪ್ರಶ್ನೆ: ನಾನು ಕಾರ್ಕಳದ ಹತ್ತಿರದ ಹಳ್ಳಿಯವನು. ಸಹಕಾರಿ ಸಂಘವೊಂದರಲ್ಲಿ ಕೆಲಸ. ಫೋಟೋಗ್ರಫಿ ಹವ್ಯಾಸ ಹತ್ತಿ 5 ವರ್ಷ ಆಯಿತು. 18-55 ಮತ್ತು 55-250 ಲೆನ್ಸ್ ಇವೆ. ಕಂಬಳ, ಹಕ್ಕಿ, ಜಲಪಾತ ಎಲ್ಲವನ್ನೂ ತೆಗೆಯುತ್ತೇನೆ. ಮಳೆಗಾಲದಲ್ಲಿ ಮಾತ್ರ ಫಂಗಸ್ ಭಯಕ್ಕೆ ಕ್ಯಾಮೆರಾ ಒಳಗಿಡುತ್ತೇನೆ. ಫೋಟೋ ಚೆನ್ನಾಗಿದೆ ಅಂತ ಎಲ್ಲರೂ ಹೇಳುತ್ತಾರೆ. ಆದರೆ ಮೊನ್ನೆ ಹಿರಿಯರೊಬ್ಬರು ನನ್ನ ಕಂಬಳದ ಫೋಟೋ ನೋಡಿ ‘ಇದು ಯಾರದ್ದು?’ ಎಂದು ಕೇಳಿದರು. ನನ್ನದೇ ಅಂದೆ. ‘ಯಾರದ್ದೂ ಆಗಬಹುದಿತ್ತು’ ಅಂದುಬಿಟ್ಟರು. ಅವತ್ತಿನಿಂದ ತಲೆ ಕೆಟ್ಟಿದೆ. ಸ್ವಂತ ಶೈಲಿ ಬರಬೇಕಾದರೆ ಏನು ಮಾಡಬೇಕು? ಒಂದೇ ವಿಷಯ ಹಿಡಿಯಬೇಕಾ? ಎಲ್ಲದಕ್ಕೂ ಒಂದೇ ಪ್ರಿಸೆಟ್ (ಎಡಿಟಿಂಗ್‌ನ ಸಿದ್ಧ ಬಣ್ಣದ ಅಚ್ಚು) ಹಾಕಿದರೆ ಸಾಕಾ? ಝೂಮ್ ಇಲ್ಲದ 35 ಎಂಎಂ ಪ್ರೈಮ್ ಲೆನ್ಸ್ ಕೊಳ್ಳಲಾ? ಹತ್ತು ಫೋಟೋ ಜೊತೆಗಿಟ್ಟಿದ್ದೇನೆ.

ಉತ್ತರ: ಹತ್ತು ಅಂದಿದ್ದೀರಿ, ಬಂದದ್ದು ಹದಿನಾಲ್ಕು. ಮೊದಲ ಹತ್ತರ ಮೂಲೆಯಲ್ಲಿ ನಿಮ್ಮ ಹೆಸರಿನ ವಾಟರ್‌ಮಾರ್ಕ್ ಇದೆ, ಕೊನೆಯ ನಾಲ್ಕರಲ್ಲಿ ಇಲ್ಲ. ಅವು ಕೈತಪ್ಪಿ ಸೇರಿಕೊಂಡವು ಅಂತ ಕಾಣುತ್ತದೆ. ತಪ್ಪಿದ್ದು ಒಳ್ಳೆಯದೇ ಆಯಿತು. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಕಂಬಳ. ಹತ್ತರಲ್ಲಿ ಐದು ಅದರ ಓಟದ್ದೇ. ಕೋಣಗಳ ಜೋಡಿ ಎದುರಿಗೇ ನುಗ್ಗಿ ಬರುತ್ತಿದೆ. ಕೆಸರುನೀರು ಆಳೆತ್ತರ ಚಿಮ್ಮಿದೆ. ಒಂದೊಂದು ಹನಿಯೂ ಗಾಜಿನ ಮಣಿಯ ಹಾಗೆ ನಿಂತಿದೆ. ಓಡಿಸುವವನ ಬಾಯಿ ತೆರೆದಿದೆ. ಕೆಲಸದಲ್ಲಿ ತಪ್ಪು ಹುಡುಕುವಂತಿಲ್ಲ. ಶಟರ್ ಸೆಕೆಂಡಿನ 1/1600ರಲ್ಲಿದೆ, ಫೋಕಸ್ ಕೋಣದ ಕಣ್ಣಿನ ಮೇಲೇ ಕೂತಿದೆ. ಅಷ್ಟು ಕೈ ಕೂರುವುದಕ್ಕೇ ಎರಡು ಮೂರು ಸೀಸನ್ ಹೋಗುತ್ತದೆ, ನನಗೆ ಗೊತ್ತು.

ಆದರೆ ಆ ಹಿರಿಯರು ಹೇಳಿದ್ದೂ ಸುಳ್ಳಲ್ಲ. ನೀವು ನಿಂತದ್ದು ಎಲ್ಲಿ? ಮಂಜೊಟ್ಟಿಯಲ್ಲಿ, ಓಟ ಮುಗಿಯುವ ಕಡೆ. ನಿಮ್ಮ ಎಡಕ್ಕೆ ಬಲಕ್ಕೆ ಎಷ್ಟು ಜನ ಕ್ಯಾಮೆರಾ ಹಿಡಿದು ನಿಂತಿದ್ದರು? ಎಲ್ಲರ ಕೈಯಲ್ಲೂ ಉದ್ದ ಲೆನ್ಸ್. ಎಲ್ಲರಿಗೂ ಅದೇ ಬಿಸಿಲು. ಎಲ್ಲರೂ ಬಟನ್ ಒತ್ತುವುದು ನೀರು ಎತ್ತರಕ್ಕೆ ಹಾರಿದಾಗಲೇ. ಕರೆಯ (ಕೋಣ ಓಡುವ ಕೆಸರುಗದ್ದೆಯ) ಆ ತುದಿಗೆ ಕೋಣ ಬರುವುದು ಒಂದೇ ದಾರಿಯಲ್ಲಿ. ಅಲ್ಲಿ ಸಾಲಾಗಿ ನಿಂತವರ ಫೋಟೋಗಳೂ ಅಣ್ಣತಮ್ಮಂದಿರ ಹಾಗೆ ಇದ್ದರೆ ಆಶ್ಚರ್ಯ ಏನಿದೆ?

ನಾಚಿಕೆ ಪಡಬೇಡಿ. ಈ ವಿಷಯದಲ್ಲಿ ನಾನು ನಿಮಗಿಂತ ದೊಡ್ಡ ಪಾಪಿ. ಫಿಲಂ ಕಾಲದಲ್ಲಿ ನಾನು ಬೆಂಗಳೂರಿನಲ್ಲಿದ್ದೆ. ಸಲಾನ್ ಅನ್ನುವ ಫೋಟೋ ಪ್ರದರ್ಶನ-ಸ್ಪರ್ಧೆಗಳ ಹುಚ್ಚು. ಆಗ ಗೆಲ್ಲುತ್ತಿದ್ದ ಚಿತ್ರಗಳಿಗೆ ಒಂದು ಅಚ್ಚು ಇತ್ತು: ಬೆಳಗಿನ ಎಳೆ ಬಿಸಿಲು, ನೀಲಗಿರಿ ಮರಗಳ ಸಂದಿಯಿಂದ ಇಳಿಯುವ ಕಿರಣ, ಧೂಳೆಬ್ಬಿಸುತ್ತ ಬರುವ ಕುರಿಮಂದೆ, ಹೆಗಲ ಮೇಲೆ ಕಂಬಳಿ ಹೊದ್ದ ಕುರಿಗಾಹಿ. ಒಂದು ಭಾನುವಾರ ನಾವು ನಾಲ್ಕು ಜನ ಊರ ಹೊರಗೆ ಸ್ಕೂಟರ್‌ನಲ್ಲಿ ಹೋಗಿ ಒಬ್ಬ ಕುರಿಗಾಹಿಯನ್ನು ಹಿಡಿದೆವು. ಸ್ವಲ್ಪ ದುಡ್ಡು ಕೊಡುತ್ತೇವೆ, ಮಂದೆಯನ್ನು ಆ ಮರಗಳ ಮಧ್ಯೆ ಓಡಿಸಪ್ಪಾ ಅಂದೆವು. ಅವನು ನಮ್ಮನ್ನು ಮೇಲಿಂದ ಕೆಳಗೆ ನೋಡಿ ಕೇಳಿದ: ‘ಎರಡು ಸುತ್ತಾ, ಮೂರು ಸುತ್ತಾ ಸಾರ್?’ ನಮಗಿಂತ ಮೊದಲೇ ಎಷ್ಟು ಜನ ಬಂದು ಹೋಗಿದ್ದರೋ. ನನಗೆ ಸರ್ಟಿಫಿಕೇಟ್ ಸಿಕ್ಕಿತು. ಮುಂದಿನ ವರ್ಷ ಬೇರೊಂದು ಪ್ರದರ್ಶನದಲ್ಲಿ ಅದೇ ಮರ, ಅದೇ ಕಂಬಳಿ ನೋಡಿದೆ. ಫೋಟೋ ಮಾತ್ರ ಬೇರೆಯವರದು. ನನ್ನದಕ್ಕಿಂತ ಚೆನ್ನಾಗಿತ್ತು.

ಹಾಗಂತ ನಕಲು ಮಾಡಿದ್ದೇ ತಪ್ಪು ಅಂತ ನಾನು ಹೇಳುವುದಿಲ್ಲ. ಬೆಳಕಿಗೆ ಎದುರಾಗಿ ತೆಗೆದರೆ ಎಕ್ಸ್‌ಪೋಶರ್ ಹೇಗಿಡಬೇಕು ಅಂತ ನನಗೆ ಕಲಿಸಿದ್ದು ಆ ಕುರಿಗಳೇ. ನಿಮಗೆ ಓಡುವುದನ್ನು ಹಿಡಿಯಲು ಕಲಿಸಿದ್ದು ಮಂಜೊಟ್ಟಿ. ಜೈಪುರದಲ್ಲಿ ಹುಟ್ಟಿದ ಫೋಟೋಗ್ರಾಫರ್ ರಘುಬೀರ್ ಸಿಂಗ್ ಅವರನ್ನು ತೆಗೆದುಕೊಳ್ಳಿ. 1966ರಲ್ಲಿ ಫ್ರಾನ್ಸಿನ ಹೆಸರಾಂತ ಫೋಟೋಗ್ರಾಫರ್ ಹೆನ್ರಿ ಕಾರ್ಟಿಯೆ-ಬ್ರೆಸನ್ ಜೈಪುರಕ್ಕೆ ಬಂದಿದ್ದಾಗ ಅವರು ಕೆಲಸ ಮಾಡುವುದನ್ನು ಈ ಹುಡುಗ ಕಣ್ಣಾರೆ ಕಂಡ. ಸಣ್ಣ ಕ್ಯಾಮೆರಾ ಹಿಡಿದು ಜನರ ನಡುವೆ ಸದ್ದಿಲ್ಲದೆ ಓಡಾಡುವುದು, ಎಲ್ಲವೂ ಒಂದು ಜಾಗಕ್ಕೆ ಬಂದು ಕೂರುವ ತನಕ ತಡೆಯುವುದು, ಇದನ್ನೆಲ್ಲ ಸಿಂಗ್ ಧಾರಾಳವಾಗಿ ಎತ್ತಿಕೊಂಡರು. ಆದರೆ ಗುರುವಿನ ಹೆಸರು ನಿಂತಿದ್ದು ಕಪ್ಪು-ಬಿಳುಪಿನ ಮೇಲೆ. ಶಿಷ್ಯ ಬಣ್ಣ ಬಿಡಲೇ ಇಲ್ಲ. ಭಾರತವನ್ನು ಬಣ್ಣವಿಲ್ಲದೆ ನೋಡುವುದು ತನ್ನಿಂದ ಆಗದು ಎಂಬ ಹಟ. ಆ ಕಾಲದಲ್ಲಿ ಬಣ್ಣದ ಫೋಟೋ ಅಂದರೆ ಜಾಹೀರಾತಿನ ಸರಕು, ಕಲೆಯಲ್ಲ ಎಂಬ ಮಾತು ದೊಡ್ಡವರ ಬಾಯಲ್ಲೇ ಇತ್ತು. ಎತ್ತಿಕೊಂಡದ್ದು ಎಷ್ಟೋ ಇರಲಿ, ಬಿಟ್ಟುಕೊಡದೆ ಉಳಿಸಿಕೊಂಡದ್ದು ಒಂದಿತ್ತು. ಇವತ್ತು ಅವರ ಫೋಟೋ ದೂರದಿಂದಲೇ ಗುರುತು ಸಿಗುತ್ತದೆ.

ನಿಮ್ಮಲ್ಲಿ ಅಂಥದ್ದು ಏನಿದೆ ಅಂತ ಹುಡುಕಬೇಕಲ್ಲ. ಈಗ ಆ ನಾಲ್ಕು ಫೋಟೋಗಳಿಗೆ ಬರೋಣ.

ಹನ್ನೊಂದನೆಯದು ಬಸ್ ತಂಗುದಾಣ. ಮೂರು ಜನ, ಮೂರು ಕೊಡೆ. ಯಾರ ಮುಖವೂ ಕಾಣುವುದಿಲ್ಲ. ಹನ್ನೆರಡನೆಯದು ಪಾಚಿ ಹಿಡಿದ ಕೆಂಪುಕಲ್ಲಿನ ಪಾಗಾರ, ಅದರ ಮೇಲೆ ಯಾರೋ ಒಣಗಲಿಕ್ಕೆ ಇಟ್ಟ ಚಪ್ಪಲಿ. ಮಳೆ ಬರುತ್ತಲೇ ಇದೆ, ಚಪ್ಪಲಿ ಒಣಗುವ ಹಾಗಿಲ್ಲ. ಹದಿಮೂರನೆಯದರಲ್ಲಿ ಬಚ್ಚಲೊಲೆಯ ಮೇಲೆ ಹಗ್ಗ ಕಟ್ಟಿ ಬಟ್ಟೆ ಹರವಿದ್ದಾರೆ, ಹೊಗೆಯಲ್ಲಿ ಶಾಲೆಯ ಯೂನಿಫಾರಂ ಒಂದು ನೇತಾಡುತ್ತಿದೆ. ಹದಿನಾಲ್ಕರಲ್ಲಿ ಮಾಡಿನ ನೀರು ಬೀಳುವ ಕಡೆ ಸಾಲಾಗಿ ಇಟ್ಟ ಬಕೆಟ್, ಕೊಡಪಾನ, ಒಂದು ಹಳೆಯ ಪೇಂಟ್ ಡಬ್ಬ.

ಇವನ್ನು ಪ್ರಿಂಟ್ ತೆಗೆಸಿ ಮೇಜಿನ ಮೇಲೆ ಹರಡಿದೆ. ಪಕ್ಕದಲ್ಲಿ ನಿಮ್ಮ ಹತ್ತನ್ನೂ ಇಟ್ಟೆ. ಹತ್ತರಲ್ಲಿ ಒಂದನ್ನು ಬಿಟ್ಟು ಎಲ್ಲವೂ ಓಡುತ್ತಿದೆ: ಕೋಣ ಓಡುತ್ತಿದೆ, ಹಕ್ಕಿ ಹಾರುತ್ತಿದೆ, ಜಲಪಾತ ಧುಮುಕುತ್ತಿದೆ. ನಾಲ್ಕರಲ್ಲಿ ಯಾವುದೂ ಅಲ್ಲಾಡುತ್ತಿಲ್ಲ. ಎಲ್ಲವೂ ಮಳೆ ನಿಲ್ಲಲಿ ಅಂತ ಕಾಯುತ್ತಿವೆ. ಕೊಡೆಯವರು ಕಾಯುತ್ತಿದ್ದಾರೆ, ಚಪ್ಪಲಿ ಕಾಯುತ್ತಿದೆ, ಯೂನಿಫಾರಂ ಕಾಯುತ್ತಿದೆ. ನಾಲ್ಕರಲ್ಲೂ ಆಕಾಶ ಇಲ್ಲ, ನೀವು ಅದನ್ನು ಕತ್ತರಿಸಿಬಿಟ್ಟಿದ್ದೀರಿ. ನಾಲ್ಕನ್ನೂ ಹತ್ತಿರ ಹೋಗಿ, ಸ್ವಲ್ಪ ಕೆಳಗೆ ಬಗ್ಗಿ ತೆಗೆದಿದ್ದೀರಿ. ಇದನ್ನೆಲ್ಲ ಯೋಚಿಸಿ ಮಾಡಿದ್ದಲ್ಲ ಅನ್ನುವುದು ನೋಡಿದರೆ ಗೊತ್ತಾಗುತ್ತದೆ. ಯಾರಿಗೂ ತೋರಿಸುವ ಉದ್ದೇಶ ಇಲ್ಲದೆ, ಸುಮ್ನೆ ತೆಗೆದದ್ದು. ಶೈಲಿ ಅಂತ ನಾನು ಕರೆಯುವುದು ಇದನ್ನೇ: ಯಾರೂ ಹೇಳದಿದ್ದರೂ ನಿಮ್ಮ ಕಣ್ಣು ಮತ್ತೆ ಮತ್ತೆ ಹೋಗಿ ಕೂರುವ ಜಾಗ.

ತಮಾಷೆ ಏನೆಂದರೆ, ಕ್ಯಾಮೆರಾಕ್ಕೆ ಬೀಗ ಹಾಕುವ ಕಾಲದಲ್ಲೇ ನಿಮ್ಮ ಒಳ್ಳೆಯ ಫೋಟೋ ಹುಟ್ಟುತ್ತಿವೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಒಳಗಿಡುತ್ತೀರಿ, ನವೆಂಬರ್‌ನಲ್ಲಿ ಕಂಬಳಕ್ಕೆ ಅಂತ ಹೊರತೆಗೆಯುತ್ತೀರಿ. ಈ ನಾಲ್ಕು ಯಾವಾಗ ತೆಗೆದದ್ದು ಮಾರಾಯ್ರೇ? ಕ್ಯಾಮೆರಾ ಕೆಲಸ ಮಾಡುತ್ತಿದೆಯಾ ಅಂತ ನೋಡುವುದಕ್ಕೆ ಒಂದು ದಿನ ಹೊರತೆಗೆದಾಗಲಾ?

ನಾಲ್ಕು ಫೋಟೋ ನೋಡಿ ಇಷ್ಟು ಹೇಳುವುದು ಸ್ವಲ್ಪ ಜಾಸ್ತಿಯೇ ಆಯಿತು, ಒಪ್ಪುತ್ತೇನೆ. ಅದಕ್ಕೇ ನೀವು ಒಂದು ಕೆಲಸ ಮಾಡಬೇಕು. 5 ವರ್ಷದ ಹಾರ್ಡ್‌ಡಿಸ್ಕ್ ತೆರೆಯಿರಿ. ಶೇರ್ ಮಾಡಿದ ಫೋಟೋಗಳನ್ನು ಪಕ್ಕಕ್ಕಿಡಿ, ಅವುಗಳ ಕಥೆ ಗೊತ್ತಾಗಿದೆ. ಯಾರಿಗೂ ಕಳಿಸದೆ, ಅಳಿಸಲೂ ಮನಸ್ಸಾಗದೆ ಉಳಿಸಿಕೊಂಡವು ಇರುತ್ತವೆ, ಅವನ್ನು ಆರಿಸಿ. ಒಂದು 60 ಸಿಗಬಹುದು. ಪೇಟೆಯ ಸ್ಟುಡಿಯೋದಲ್ಲಿ 4×6 ಪ್ರಿಂಟ್ ಹಾಕಿಸಿ. ಫೋನ್‌ನಲ್ಲಿ ನೋಡಿದರೆ ಆಗುವುದಿಲ್ಲವಾ ಅಂತ ಕೇಳಬೇಡಿ, ಆಗುವುದಿಲ್ಲ. ಫೋನ್ ಒಂದು ಸಲಕ್ಕೆ ಒಂದನ್ನೇ ತೋರಿಸುತ್ತದೆ. ಅರವತ್ತೂ ಚಾವಡಿಯ ನೆಲದ ಮೇಲೆ ಒಟ್ಟಿಗೆ ಬಿದ್ದಿದ್ದರೆ ಮಾತ್ರ ಯಾವುದು ಯಾವುದರ ಸಂಬಂಧಿ ಅಂತ ಕಾಣುತ್ತದೆ. ಯಾವುದು ಚೆನ್ನಾಗಿದೆ ಅಂತ ನೋಡಬೇಡಿ. ಯಾವುದನ್ನು ನಾಳೆ ಮತ್ತೆ ಹೋಗಿ ತೆಗೆಯಬೇಕು ಅನ್ನಿಸುತ್ತದೆ ಅಂತ ನೋಡಿ. ಎರಡೂ ಒಂದೇ ಅಲ್ಲ. ನನ್ನ ಕುರಿಮಂದೆ ಫೋಟೋ ಚೆನ್ನಾಗಿಯೇ ಇತ್ತು. ಮತ್ತೆ ತೆಗೆಯಬೇಕು ಅಂತ ನನಗೆ ಒಂದು ದಿನವೂ ಅನ್ನಿಸಲಿಲ್ಲ.

ಹೊಸದಾಗಿ ತೆಗೆದದ್ದನ್ನು ಈ ರಾಶಿಗೆ ಸೇರಿಸಬೇಡಿ. ಕನಿಷ್ಠ ಮೂರು ತಿಂಗಳು ಹಳೆಯದಾಗಿರಲಿ. ಕಾರಣ ಇದೆ. ತೆಗೆದ ದಿನದ ಖುಷಿಯೋ ಕಷ್ಟವೋ ಫೋಟೋಕ್ಕೆ ಅಂಟಿಕೊಂಡಿರುತ್ತದೆ. ಬೆಳಿಗ್ಗೆ 4 ಗಂಟೆಗೆ ಎದ್ದು ಬೆಟ್ಟ ಹತ್ತಿ ತೆಗೆದ ಫೋಟೋ ಸಾಧಾರಣ ಅಂತ ಒಪ್ಪಿಕೊಳ್ಳುವುದು ಯಾರಿಗಾದರೂ ಕಷ್ಟವೇ. ನ್ಯೂಯಾರ್ಕ್‌ನ ಬೀದಿಗಳನ್ನು ತೆಗೆದ ಗ್ಯಾರಿ ವಿನೋಗ್ರಾಂಡ್ ಇದಕ್ಕೇ ಫಿಲಂ ತೊಳೆಯುವುದನ್ನು ಒಂದೆರಡು ವರ್ಷ ಮುಂದೂಡುತ್ತಿದ್ದರು. ಆ ಹೊತ್ತಿಗೆ ತೆಗೆದ ಗಳಿಗೆಯ ನೆನಪು ಹೋಗಿರುತ್ತದೆ, ಕಾಗದದ ಮೇಲೆ ಇರುವುದಷ್ಟೇ ಕಾಣುತ್ತದೆ. ಅವರು ಇದನ್ನು ಅತಿಗೂ ಕೊಂಡೊಯ್ದರು ಅನ್ನಿ. 1984ರಲ್ಲಿ ತೀರಿಕೊಂಡಾಗ ತೊಳೆಯದ ಫಿಲಂ ಸುಮಾರು 2,500 ರೋಲ್ ಉಳಿದಿತ್ತು. ನಿಮಗೆ ಮೂರು ತಿಂಗಳು ಸಾಕು.

ಇನ್ನು ಪ್ರಿಸೆಟ್. ಬೇಡ. ಮದುವೆಗೆ ಬಂದ ಬೀಗರಿಗೆಲ್ಲ ಒಂದೇ ಬಣ್ಣದ ಪೇಟ ಕಟ್ಟಿದರೆ ಫೋಟೋದಲ್ಲಿ ಚಂದ ಕಾಣುತ್ತದೆ, ಆದರೆ ಅವರೆಲ್ಲ ಒಂದೇ ಮನೆಯವರು ಆಗುವುದಿಲ್ಲ. ಕಿತ್ತಳೆ-ನೀಲಿ ಬಣ್ಣ ಬಳಿದ ನಿಮ್ಮ ಎಂಟನೆಯ ಫೋಟೋದಲ್ಲಿ ಕಾಡಿನ ಹಸಿರು ಎಲ್ಲಿ ಹೋಯಿತು? ಪಶ್ಚಿಮ ಘಟ್ಟದ ಬುಡದಲ್ಲಿ ಕೂತು ಹಸಿರನ್ನು ಅಳಿಸುವುದಕ್ಕೆ ಧೈರ್ಯ ಬೇಕು. ಅದರ ಬದಲು ಒಂದು ಸಣ್ಣ ಕೆಲಸ ಮಾಡಿ: ವೈಟ್ ಬ್ಯಾಲೆನ್ಸ್ ಅನ್ನು ಆಟೋದಿಂದ ತೆಗೆದು ಡೇಲೈಟ್‌ಗೆ ಇಟ್ಟುಬಿಡಿ. ಆಟೋದಲ್ಲಿ ಕ್ಯಾಮೆರಾ ಪ್ರತಿ ಸಲ ಬಣ್ಣ ಸರಿಮಾಡಲು ಹೊರಟು ಮಳೆಗಾಲದ ನೀಲಿ ಛಾಯೆಯನ್ನು ತೊಳೆದುಹಾಕುತ್ತದೆ. ಡೇಲೈಟ್‌ನಲ್ಲಿ ಮಳೆಯ ತಣ್ಣನೆ ತಣ್ಣಗೇ ಉಳಿಯುತ್ತದೆ, ಒಲೆಯ ಬೆಂಕಿ ಇನ್ನೂ ಕೆಂಪಗೆ ಕಾಣುತ್ತದೆ. ಹದಿಮೂರನೆಯ ಫೋಟೋದಲ್ಲಿ ಇವೆರಡೂ ಒಟ್ಟಿಗಿವೆ, ಆದರೆ ಆಟೋ ಎರಡನ್ನೂ ಸಪ್ಪೆ ಮಾಡಿದೆ. ರಾ ಫೈಲ್ (ಕ್ಯಾಮೆರಾ ತಿದ್ದದೆ ಉಳಿಸಿದ ಮೂಲ ಫೈಲ್) ಇದ್ದರೆ ಈಗಲೂ ಬದಲಿಸಿ ನೋಡಿ.

ಎಕ್ಸ್‌ಪೋಶರ್ ಬಗ್ಗೆಯೂ ಅಲ್ಲೇ ಒಂದು ಮಾತು. ಪಾಚಿ, ನೆನೆದ ಹಂಚು, ಹೊಗೆ ಹಿಡಿದ ಗೋಡೆ ಇವೆಲ್ಲ ಕಪ್ಪು. ಕ್ಯಾಮೆರಾದ ಮೀಟರ್‌ಗೆ ಕಪ್ಪು ಕಂಡರೆ ಬೂದು ಮಾಡುವ ಚಾಳಿ. ನಿಮ್ಮ ನಾಲ್ಕರಲ್ಲಿ ಮೂರು ಹಾಗೇ ಪೇಲವವಾಗಿವೆ. ಎಕ್ಸ್‌ಪೋಶರ್ ಕಾಂಪೆನ್ಸೇಶನ್ −2/3ಕ್ಕೆ ಇಳಿಸಿ, ಒಲೆಯ ಹತ್ತಿರ −1ಕ್ಕೆ. ಕತ್ತಲೆ ಕತ್ತಲೆಯಾಗಿಯೇ ಇರಲಿ.

ಲೆನ್ಸ್ ವಿಷಯ. 35 ಎಂಎಂ ಒಳ್ಳೆಯ ಲೆನ್ಸೇ, ನಿಮ್ಮ ಕ್ಯಾಮೆರಾದಲ್ಲಿ ಅದು ಹೆಚ್ಚುಕಡಿಮೆ ಹಳೆಯ ಫಿಲಂ ಕ್ಯಾಮೆರಾದ 50 ಎಂಎಂನ ಹಾಗೆ ನೋಡುತ್ತದೆ. ಆದರೆ ಕೊಳ್ಳುವ ಮೊದಲು ಲೆಕ್ಕ ಹಾಕಿ. ಪ್ರತಿ ಫೋಟೋದ ಜೊತೆ ಅದನ್ನು ಯಾವ ಫೋಕಲ್ ಲೆಂಗ್ತ್‌ನಲ್ಲಿ ತೆಗೆದಿರಿ ಅಂತ ಕ್ಯಾಮೆರಾ ಬರೆದಿಟ್ಟಿರುತ್ತದೆ. ನಾನು ನಿಮ್ಮ ನಾಲ್ಕನ್ನೂ ತೆರೆದು ನೋಡಿದೆ. 24, 24, 28, 22. ನಿಮ್ಮ ಕಾಲು ನಿಲ್ಲುವುದು 24ರ ಹತ್ತಿರ, 35ರ ಹತ್ತಿರ ಅಲ್ಲ. ಆ ಅರವತ್ತರಲ್ಲೂ ಇದೇ ಲೆಕ್ಕ ಬಂದರೆ 18-55 ಲೆನ್ಸನ್ನು 24ಕ್ಕೆ ತಿರುಗಿಸಿ, ಝೂಮ್ ರಿಂಗ್‌ಗೆ ಒಂದು ತುಂಡು ಟೇಪ್ ಸುತ್ತಿಬಿಡಿ. ಒಂದು ಮಳೆಗಾಲ ಹಾಗೇ ತೆಗೆಯಿರಿ. ಮೊದಲ ಎರಡು ವಾರ ಕೈಕಟ್ಟಿದ ಹಾಗಾಗುತ್ತದೆ. ಆಮೇಲೆ ಕ್ಯಾಮೆರಾ ಎತ್ತುವ ಮೊದಲೇ ಚೌಕಟ್ಟು ಎಲ್ಲಿಗೆ ಮುಗಿಯುತ್ತದೆ ಅಂತ ಕಣ್ಣಿಗೆ ಗೊತ್ತಾಗತೊಡಗುತ್ತದೆ. ದುಡ್ಡೂ ಉಳಿಯಿತು.

ಒಂದೇ ವಿಷಯ ಹಿಡಿಯಬೇಕಾ ಅಂತ ಕೇಳಿದ್ದೀರಿ. ವಿಷಯ ಬೇಡ, ಜಾಗ ಹಿಡಿಯಿರಿ. ಪ್ರಾಗ್ ನಗರದಲ್ಲಿ ಯೋಸೆಫ್ ಸುದೆಕ್ ಎಂಬ ಫೋಟೋಗ್ರಾಫರ್ ಇದ್ದರು. ಮೊದಲ ಮಹಾಯುದ್ಧದಲ್ಲಿ ಬಲಗೈ ಕಳೆದುಕೊಂಡವರು. ಎರಡನೆಯ ಯುದ್ಧದ ಹೊತ್ತಿಗೆ ಊರು ಜರ್ಮನರ ವಶದಲ್ಲಿತ್ತು, ಬೀದಿಯಲ್ಲಿ ಕ್ಯಾಮೆರಾ ಹಿಡಿದು ಓಡಾಡುವುದು ಕಷ್ಟ. ಅವರು ತಮ್ಮ ಸ್ಟುಡಿಯೋದ ಕಿಟಕಿಯನ್ನೇ ತೆಗೆಯತೊಡಗಿದರು. 1940ರಿಂದ 1954ರ ತನಕ, ಅದೇ ಕಿಟಕಿ. ಗಾಜಿನ ಮೇಲೆ ಹಬೆ, ಹನಿ, ಹಿಮ, ಆಚೆ ಒಂದು ಸೊಟ್ಟ ಮರ, ಒಳಗೆ ಒಂದು ಲೋಟ. ಜಾಗ ಬದಲಾಗದಿದ್ದಾಗ ಬದಲಾಗುವ ಸಣ್ಣ ಸಣ್ಣದೆಲ್ಲ ಕಣ್ಣಿಗೆ ಬೀಳುತ್ತದೆ. ನಮ್ಮಲ್ಲೇ ಉದಾಹರಣೆ ಬೇಕಾದರೆ ಪೂರ್ಣಚಂದ್ರ ತೇಜಸ್ವಿ ಇದ್ದಾರಲ್ಲ. ಮೂಡಿಗೆರೆಯ ತಮ್ಮ ತೋಟದ ಸುತ್ತಿನ ಹಕ್ಕಿಗಳ ಬೆನ್ನು ಹತ್ತಿ ಅವರು ವರ್ಷಗಟ್ಟಲೆ ಕೂತರು.

ನಿಮಗೆ ಕಿಟಕಿಯೂ ಬೇಡ. ಮನೆಯಿಂದ ಬಸ್ ತಂಗುದಾಣದ ತನಕ ನಡೆಯುವ ದಾರಿ ಸಾಕು. ದಿನಾ ಕೆಲಸಕ್ಕೆ ಹೋಗುತ್ತ ಬರುತ್ತ ನಡೆಯಲೇಬೇಕು, ಅಲ್ವಾ? ಹತ್ತು ನಿಮಿಷ ಮೊದಲು ಹೊರಡಿ. ತಂಗುದಾಣದಲ್ಲಿ ದಿನಾ ಸಿಗುವವರಿಗೆ ಮೊದಲೇ ಹೇಳಿಬಿಡಿ, ಹೀಗೆ ಕೊಡೆಗಳ ಫೋಟೋ ತೆಗೀತೇನೆ ಅಂತ. ಒಂದು ವಾರ ನಗುತ್ತಾರೆ, ಆಮೇಲೆ ಮರೆಯುತ್ತಾರೆ. ಆಮೇಲೇ ಫೋಟೋ ಶುರು.

ಕ್ಯಾಮೆರಾಕ್ಕೆ ಏನಾಗುತ್ತದೋ ಅನ್ನುವ ಭಯ ನನಗೆ ಅರ್ಥವಾಗುತ್ತದೆ, ಕರಾವಳಿಯಲ್ಲಿ ಒಂದು ಲೆನ್ಸ್ ನಾನೂ ಫಂಗಸ್‌ಗೆ ಕೊಟ್ಟಿದ್ದೇನೆ. ಆದರೆ ಫಂಗಸ್‌ಗೆ ಬೇಕಾದ್ದು ಕತ್ತಲೆ, ತೇವ, ಅಲ್ಲಾಡದ ಗಾಳಿ. ಬ್ಯಾಗ್ ಒಳಗೆ ನಾಲ್ಕು ತಿಂಗಳು ಮುಚ್ಚಿಟ್ಟರೆ ಮೂರೂ ಸಿಗುತ್ತದೆ. ದಿನಾ ಹೊರಬರುವ ಕ್ಯಾಮೆರಾಕ್ಕೆ ಅದು ಹಿಡಿಯುವುದು ಕಡಿಮೆ. ತಲೆಗೆ ಹಾಕುವ ಪ್ಲಾಸ್ಟಿಕ್ ಶವರ್ ಕ್ಯಾಪ್ ಇದೆಯಲ್ಲ, ಅದು ಕ್ಯಾಮೆರಾದ ಮೇಲೆ ಸರಿಯಾಗಿ ಕೂರುತ್ತದೆ. ಮಳೆಯಲ್ಲಿ ಲೆನ್ಸ್ ಬದಲಿಸಬೇಡಿ (ಟೇಪ್ ಸುತ್ತಿದ ಮೇಲೆ ಆ ಆಸೆಯೂ ಇರುವುದಿಲ್ಲ). ಮನೆಗೆ ಬಂದು ಒಣ ಹತ್ತಿ ಬಟ್ಟೆಯಲ್ಲಿ ಒರೆಸಿ, ಫ್ಯಾನ್ ಕೆಳಗೆ ಅರ್ಧ ಗಂಟೆ ಇಟ್ಟು, ಗಾಳಿಯಾಡದ ಡಬ್ಬದಲ್ಲಿ ಸಿಲಿಕಾ ಜೆಲ್ ಜೊತೆ ಇಡಿ. ನೀಲಿ ಜೆಲ್ ಗುಲಾಬಿಯಾದರೆ ತೇವ ಕುಡಿದಿದೆ ಅಂತ ಅರ್ಥ, ಬಿಸಿ ಮಾಡಿ ಒಣಗಿಸಿದರೆ ಮತ್ತೆ ನೀಲಿಯಾಗುತ್ತದೆ. ಅಡುಗೆಯ ಬಾಣಲೆಯಲ್ಲಿ ಮಾತ್ರ ಬೇಡ, ಆ ನೀಲಿ ಬಣ್ಣ ಬರುವುದು ಕೋಬಾಲ್ಟ್‌ನಿಂದ.

ಇಷ್ಟು ಓದಿ ಕಂಬಳ ಬಿಡಬೇಕಾ ಅಂತ ಬೇಸರ ಮಾಡಿಕೊಂಡರೆ, ಬಿಡಬೇಡಿ. ಹತ್ತರಲ್ಲಿ ಆರನೆಯ ಫೋಟೋ ನೋಡಿ. ಅದನ್ನು ಯಾಕೆ ಸೇರಿಸಿದಿರೋ ಗೊತ್ತಿಲ್ಲ, ಉಳಿದವುಗಳ ಹಾಗೆ ಇಲ್ಲ. ಗಂತಿನಲ್ಲಿ, ಓಟ ಶುರುವಾಗುವ ಕಡೆ, ಒಂದು ಜೋಡಿ ಸರದಿಗೆ ಕಾಯುತ್ತ ನಿಂತಿದೆ. ಹಿಡಿದುಕೊಂಡವನು ಕೋಣದ ಬೆನ್ನಿಗೆ ಒರಗಿದ್ದಾನೆ, ಮುಖ ಆ ಕಡೆ. ಇದು ನಿಮ್ಮ ಬಸ್ ತಂಗುದಾಣದ ಫೋಟೋವೇ, ಕೊಡೆಯ ಬದಲು ಕೋಣ ಇದೆ ಅಷ್ಟೇ. ಕಂಬಳದಲ್ಲಿ ಓಡುವುದು ಕೆಲವೇ ಸೆಕೆಂಡು, ಕಾಯುವುದು ಹಗಲೂ ರಾತ್ರಿ. ಆ ಕಾಯುವಿಕೆಯನ್ನು ನಿಮ್ಮ ಹಾಗೆ ನೋಡಿದವರು ನನ್ನ ಕಣ್ಣಿಗೆ ಜಾಸ್ತಿ ಬಿದ್ದಿಲ್ಲ. ‘ತೆರೆಮರೆಯ ಕಂಬಳ’ ಅಂತ ಕೋಣಕ್ಕೆ ಎಣ್ಣೆ ತಿಕ್ಕುವುದು, ಹುರುಳಿ ತಿನ್ನಿಸುವುದು ತೆಗೆಯುವವರು ಬೇಕಾದಷ್ಟಿದ್ದಾರೆ. ಅದೂ ಈಗ ಒಂದು ಅಚ್ಚು, ಅದಕ್ಕೆ ಬೀಳಬೇಡಿ.

ಮೈಸೂರಿನ ಪತ್ರಿಕಾ ಫೋಟೋಗ್ರಾಫರ್ ಟಿ.ಎಸ್. ಸತ್ಯನ್ (1923–2009) ಅವರ ಫೋಟೋಗಳನ್ನು ಸಿಕ್ಕಾಗ ನೋಡಿ. 1977ರಲ್ಲಿ ಪದ್ಮಶ್ರೀ ಪಡೆದವರು. ಪತ್ರಿಕೆಗಳಿಗೆ, ವಿಶ್ವ ಆರೋಗ್ಯ ಸಂಸ್ಥೆಗೆ ಅಂತ ಹೇಳಿದ ಕೆಲಸವನ್ನೆಲ್ಲ ಮಾಡಿಕೊಟ್ಟರು, ಸಿಡುಬು ನಿರ್ಮೂಲನದ ಕೆಲಸವನ್ನೂ ದಾಖಲಿಸಿದರು. ಆದರೆ ಯಾವ ಕೆಲಸಕ್ಕೆ ಹೋದರೂ ಅವರ ಕಣ್ಣು ಮಕ್ಕಳ ಮೇಲೆ, ಸಾಧಾರಣ ಜನರ ಮೇಲೆ ಹೋಗಿ ನಿಲ್ಲುತ್ತಿತ್ತು. ಕ್ಯಾಮೆರಾದ ಚಮತ್ಕಾರ ಹುಡುಕಿದರೂ ಸಿಗುವುದಿಲ್ಲ. ನೀವು ಮಂಜೊಟ್ಟಿಗೆ ಹೋಗಿ, ಗಂತಿಗೆ ಹೋಗಿ, ಕಣ್ಣು ಎಲ್ಲಿ ನಿಲ್ಲುತ್ತದೆ ಅಂತ ಗಮನಿಸಿ, ಅಷ್ಟೇ.

ವಾಟರ್‌ಮಾರ್ಕ್ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಆರನೆಯ ಫೋಟೋದಲ್ಲಿ ಅದು ಸರಿಯಾಗಿ ಕೋಣದ ಗೊರಸಿನ ಮೇಲೆ ಕೂತಿದೆ. ಸ್ವಲ್ಪ ಚಿಕ್ಕದು ಮಾಡಿ.

ಮಳೆಗಾಲ ಮುಗಿಸಿ, ಗಂತಿನಲ್ಲಿ ಒಂದೆರಡು ಕಂಬಳ ಕಳೆದು, ಜನವರಿಯ ಹೊತ್ತಿಗೆ ಮತ್ತೆ ಬರೆಯಿರಿ. ಈ ಸಲ ಹತ್ತು ಅಂದರೆ ಹತ್ತೇ ಕಳಿಸಿ.